ಮಾನಿಟರ್ ಕೂಗುವ ಮುನ್ನ: ಐಸಿಯು ನರ್ಸ್ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ತೀವ್ರ ನಿಗಾ ಘಟಕದ (ಐಸಿಯು) ಕುರಿತಾದವೇ ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕೆಲಸಕ್ಕೆ ಹೊಸದಾಗಿ ಸೇರಿದವರೂ, ಬಂಧುಗಳನ್ನು ಒಳಗೆ ಮಲಗಿಸಿ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆದವರೂ ಬರೆದಿದ್ದಾರೆ. ನಾನು 23 ವರ್ಷ ಐಸಿಯುಗಳಲ್ಲಿ ನರ್ಸ್ ಆಗಿ ದುಡಿದವಳು. ಮೊದಲ ಒಂಬತ್ತು ವರ್ಷ ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದೆ, ಉಳಿದ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದೆ. ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದೆ. ಮೊದಲ ಡ್ಯೂಟಿಯೇ ಐಸಿಯುಗೆ ಬಿದ್ದಿದೆ. ವೆಂಟಿಲೇಟರ್, ಸಿರಿಂಜ್ ಪಂಪ್‌ಗಳನ್ನು ಕಂಡರೆ ಕೈ ನಡುಗುತ್ತದೆ. ಅಲಾರಂ ಹೊಡೆದರೆ ಅದು ಯಾವ ಯಂತ್ರದ್ದೆಂದೇ ತಿಳಿಯುವುದಿಲ್ಲ. ವಾರ್ಡಿಗೆ ಹಾಕಿರೆಂದು ಕೇಳಲೇ?
ಓದುಗರು, ಹಾವೇರಿ

ಉತ್ತರ: ಈಗಲೇ ಕೇಳಬೇಡಿ, ತಂಗಿ. ಕೇಳುವುದೇ ಆದರೆ ಆರು ತಿಂಗಳು ಕಳೆದ ಮೇಲೆ ಕೇಳಿ. ಯಂತ್ರಗಳ ಭಯ ಎಲ್ಲರಿಗೂ ಇರುತ್ತದೆ ಮತ್ತು ಅದು ಎಲ್ಲಕ್ಕಿಂತ ಬೇಗ ಬಿಟ್ಟುಹೋಗುವ ಭಯ. ಪಂಪಿನ ದರ ಹೊಂದಿಸುವುದು, ವೆಂಟಿಲೇಟರಿನ ಅಂಕಿಗಳನ್ನು ಓದುವುದು, ಅಪಧಮನಿಯೊಳಗೆ ರಕ್ತದೊತ್ತಡ ಅಳೆಯುವ ಆರ್ಟೀರಿಯಲ್ ಲೈನಿನ ಟ್ರಾನ್ಸ್‌ಡ್ಯೂಸರನ್ನು ಹೃದಯದ ಮಟ್ಟಕ್ಕೆ ಕಟ್ಟಿ ಸೊನ್ನೆಗೆ ತರುವುದು, ಇವೆಲ್ಲ ದಿನವೂ ಮಾಡುತ್ತಿದ್ದರೆ ಕೈಗೆ ತಾವಾಗಿಯೇ ಹತ್ತುತ್ತವೆ. ವರ್ಷಗಟ್ಟಲೆ ಕಲಿಯಬೇಕಾದದ್ದು ಹಾಸಿಗೆಯ ಮೇಲಿರುವ ಮನುಷ್ಯನನ್ನು ನೋಡುವುದನ್ನು.

ಐಸಿಯು ಎಂಬ ವ್ಯವಸ್ಥೆ ಹುಟ್ಟಿದ್ದೇ ಯಂತ್ರಗಳು ಸಾಲದೆ ಹೋದಾಗ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ಒಬ್ಬರ ಹಿಂದೊಬ್ಬರು ಬರತೊಡಗಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಹಾಸಿಗೆಗಳ ಪಕ್ಕದಲ್ಲಿ ಕುಳಿತು, ತಿಂಗಳುಗಟ್ಟಲೆ ಆ ಚೀಲವನ್ನು ಒತ್ತುತ್ತಲೇ ಇದ್ದರು. ನಿಮ್ಮ ಐಸಿಯುವಿನಲ್ಲಿ ಪ್ರತಿ ಹಾಸಿಗೆಯ ತಲೆದೆಸೆಯಲ್ಲಿ ತೂಗುವ ಆಂಬು ಬ್ಯಾಗ್ ಅದೇ ವಂಶದ್ದು. ಡ್ಯೂಟಿಗೆ ಬಂದ ಕೂಡಲೇ ಅದು ಇದೆಯೇ, ಮಾಸ್ಕ್ ಸರಿಯಾಗಿದೆಯೇ, ಆಮ್ಲಜನಕದ ನಳಿಕೆ ಜೋಡಿಸಿದೆಯೇ ಎಂದು ಮೊದಲು ನೋಡಿ. ವೆಂಟಿಲೇಟರ್ ಕೈಕೊಟ್ಟ ಕ್ಷಣದಲ್ಲಿ ನಿಮ್ಮ ಕೈಗೆ ಸಿಗಬೇಕಾದದ್ದು ಅದೊಂದೇ.

ನೋಡುವುದೆಂದರೆ ಏನೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಾನು ಕೆಲಸ ಕಲಿತ ಜಿಲ್ಲಾ ಆಸ್ಪತ್ರೆಯ ಐಸಿಯುವಿನಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರು ಯಾವಾಗಲೂ ಇರುತ್ತಿದ್ದರು. ನಮ್ಮ ಕಡೆ ಅದನ್ನು ‘ಎಣ್ಣಿ ಕುಡದಾನ’, ‘ಔಷಧ ಕುಡದಾನ’ ಎನ್ನುತ್ತಾರೆ. ಆರ್ಗನೋಫಾಸ್ಫರಸ್ ಗುಂಪಿನ ವಿಷ ಮೈಯ ಸ್ರಾವಗಳನ್ನೆಲ್ಲ ಉಕ್ಕಿಸುತ್ತದೆ. ಬಾಯಲ್ಲಿ ನೊರೆ ಬರುತ್ತದೆ, ಎದೆಯಲ್ಲಿ ಗೊರಗೊರ ಸದ್ದು ಕೇಳುತ್ತದೆ, ಮೈ ತುಂಬ ಬೆವರಿರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ಇದಕ್ಕೆ ಕೊಡುವ ಅಟ್ರೋಪಿನ್ ಸಾಕಾಗಿದೆಯೇ ಎಂದು ತಿಳಿಯಲು ಮತ್ತೆ ಮತ್ತೆ ರೋಗಿಯ ಎದೆಯ ಸದ್ದು ಕೇಳಬೇಕು, ಕಂಕುಳಲ್ಲಿ ಕೈಯಿಟ್ಟು ಒಣಗಿದೆಯೇ ಎಂದು ಮುಟ್ಟಿ ನೋಡಬೇಕು. ಅಟ್ರೋಪಿನ್ ಹೆಚ್ಚಾದರೆ ಮೈ ಕಾಯುತ್ತದೆ, ಹೊಟ್ಟೆಯ ಸದ್ದು ನಿಲ್ಲುತ್ತದೆ, ರೋಗಿ ಇಲ್ಲದ ದಾರವನ್ನು ಗಾಳಿಯಲ್ಲಿ ಎಳೆಯುತ್ತಾ ಹೊದಿಕೆಯನ್ನು ಕೆದಕತೊಡಗುತ್ತಾನೆ. ಇವುಗಳಲ್ಲಿ ಬಹುಪಾಲು ಯಾವ ಪರದೆಯ ಮೇಲೂ ಮೂಡುವುದಿಲ್ಲ.

ನನ್ನ ಎರಡನೆಯ ವರ್ಷದಲ್ಲಿ ಹೀಗೆ ಬಂದಿದ್ದ ಒಬ್ಬ ಯುವಕ ಮೂರನೆಯ ದಿನದ ಹೊತ್ತಿಗೆ ಚೇತರಿಸಿಕೊಂಡಂತಿದ್ದ. ಮಾತಾಡುತ್ತಿದ್ದ, ಗಂಜಿ ಕೇಳಿದ್ದ, ಮಾನಿಟರಿನಲ್ಲಿ ಆಮ್ಲಜನಕ 98 ತೋರಿಸುತ್ತಿತ್ತು. ಮರುದಿನ ವಾರ್ಡಿಗೆ ಕಳುಹಿಸುವ ಮಾತೂ ಆಗಿತ್ತು. ರಾತ್ರಿ ಎರಡು ಗಂಟೆಗೆ ಸುತ್ತು ಬಂದ ನಮ್ಮ ಇನ್‌ಚಾರ್ಜ್ ಸಿಸ್ಟರ್ ಅವನ ಹಣೆ ಮುಟ್ಟಿ, "ದಿಂಬಿನಿಂದ ತಲಿ ಎತ್ತಿ ತೋರ್ಸಪಾ" ಎಂದರು. ಅವನು ಎತ್ತಲು ಹೋದ. ಕತ್ತಿನ ನರಗಳು ಬಿಗಿದವೇ ಹೊರತು ತಲೆ ದಿಂಬಿನಿಂದ ಒಂದು ಬೆರಳೂ ಮೇಲೆ ಬರಲಿಲ್ಲ. ಸಿಸ್ಟರ್ ಆಗಲೇ ವೈದ್ಯರನ್ನು ಎಬ್ಬಿಸಲು ನನ್ನನ್ನು ಓಡಿಸಿದರು. ಈ ವಿಷ ಕುಡಿದವರಲ್ಲಿ ಕೆಲವರಿಗೆ, ಮೊದಲ ಗಂಡಾಂತರ ಕಳೆದ ಮೇಲೆ, ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಮೊದಲು ಕತ್ತು ಸೋಲುತ್ತದೆ, ಆಮೇಲೆ ಉಸಿರು. ಆಮ್ಲಜನಕದ ಅಂಕಿ ಬೀಳುವುದು ಎಲ್ಲಕ್ಕೂ ಕೊನೆಗೆ. ಅರ್ಧ ಗಂಟೆಯೊಳಗೆ ಅವನಿಗೆ ಟ್ಯೂಬ್ ಹಾಕಿದರು. ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದು, ಆಮೇಲೆ ನಡೆದುಕೊಂಡೇ ಮನೆಗೆ ಹೋದ. ಅಂದು ಸಿಸ್ಟರ್ ಆ ಹಾಸಿಗೆಯ ಬಳಿ ನಿಲ್ಲದೆ ಮುಂದೆ ಹೋಗಿದ್ದರೆ, ಬೆಳಗಿನ ಜಾವ ಅಲಾರಂ ಹೊಡೆಯುವ ಹೊತ್ತಿಗೆ ಏನಾಗಿರುತ್ತಿತ್ತೆಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಆದ್ದರಿಂದ ಅಲಾರಂ ಹೊಡೆದಾಗ ಯಂತ್ರದ ಕಡೆ ತಿರುಗುವ ಮೊದಲು ರೋಗಿಯ ಮುಖ ನೋಡಿ, ಎದೆ ಏರಿಳಿಯುತ್ತಿದೆಯೇ ನೋಡಿ. ಪಾಳಿ ಬದಲಾಗುವಾಗಿನ ಹ್ಯಾಂಡೋವರನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಕುಳಿತು ತೆಗೆದುಕೊಳ್ಳದೆ ಹಾಸಿಗೆಯ ಪಕ್ಕದಲ್ಲಿ ನಿಂತು, ಹೊದಿಕೆ ಸರಿಸಿ, ತಲೆಯಿಂದ ಕಾಲಿನವರೆಗೆ ಪ್ರತಿ ನಳಿಕೆಯನ್ನೂ ಅದು ಹೊರಡುವ ಕಡೆಯಿಂದ ಸೇರುವ ಕಡೆಯವರೆಗೆ ಬೆರಳಿನಿಂದ ಹಿಂಬಾಲಿಸಿ ತೆಗೆದುಕೊಳ್ಳಿ. ನಾರ್‌ಅಡ್ರಿನಲಿನ್ (ರಕ್ತದೊತ್ತಡ ಎತ್ತಿ ಹಿಡಿಯುವ ಔಷಧಿ) ಪಂಪಿನಲ್ಲಿ ಓಡುತ್ತಿದ್ದರೆ ಮುಂದಿನ ಸಿರಿಂಜನ್ನು ಮೊದಲೇ ತುಂಬಿಟ್ಟುಕೊಳ್ಳಿ, ಏಕೆಂದರೆ ಅದರ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ ಮತ್ತು ಬದಲಾಯಿಸುವಾಗ ತಡವಾದರೆ ರಕ್ತದೊತ್ತಡ ನಿಮ್ಮ ಕಣ್ಣೆದುರೇ ಕುಸಿಯುತ್ತದೆ. ಪೊಟ್ಯಾಸಿಯಂ ಮತ್ತು ಇನ್ಸುಲಿನ್ ಕೊಡುವಾಗ ಇನ್ನೊಬ್ಬ ನರ್ಸ್ ಬಂದು ನೋಡದೆ ಪಂಪ್ ಒತ್ತಬೇಡಿ. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಬೇಡ. ಹಿರಿಯರು ಗದರಿದರೆ ಗದರಲಿ.

ಪ್ರಶ್ನೆ: ನನ್ನ ತಂದೆ ನ್ಯುಮೋನಿಯಾದಿಂದ 11 ದಿನ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದರು. ಅವರ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಳಗೆ ಬಿಡುತ್ತಿರಲಿಲ್ಲ. ಈಗ ಮನೆಯಲ್ಲಿ ರಾತ್ರಿ ಕಿರುಚಿ ಏಳುತ್ತಾರೆ, ನರ್ಸುಗಳು ತಮ್ಮ ಕುತ್ತಿಗೆ ಹಿಸುಕಿದರು ಎನ್ನುತ್ತಾರೆ. ಅಲ್ಲಿ ನಿಜವಾಗಿ ಏನು ನಡೆಯಿತು?
ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ತಂದೆಯವರು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಶ್ವಾಸನಾಳದಲ್ಲಿ ಟ್ಯೂಬ್ ಇರುವವರ ಕಫವನ್ನು ಆಗಾಗ ಸಣ್ಣ ನಳಿಕೆಯಿಂದ ಹೀರಿ (ಸಕ್ಷನ್ ಮಾಡಿ) ತೆಗೆಯಲೇಬೇಕು, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಂಡು ಉಸಿರು ನಿಲ್ಲುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಕೆಮ್ಮು ಒತ್ತರಿಸಿ ಬರುತ್ತದೆ, ಆದರೆ ಗಂಟಲಿನಿಂದ ಸದ್ದು ಹೊರಡುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ. ನಿದ್ದೆಯ ಔಷಧಿಗಳು, ಸೋಂಕು, ಹಗಲು ರಾತ್ರಿ ಒಂದೇ ಸಮನೆ ಉರಿಯುವ ದೀಪ, ಇವೆಲ್ಲ ಸೇರಿ ಬುದ್ಧಿ ಮಸುಕಾಗಿರುವಾಗ, ಮುಖಕ್ಕೆ ಮಾಸ್ಕ್ ಕಟ್ಟಿದ ಯಾರೋ ಬಂದು ಕುತ್ತಿಗೆಯ ಬಳಿ ಬಗ್ಗಿ ಇದನ್ನು ಮಾಡಿದರೆ ಮನಸ್ಸು ಅದನ್ನು ಕೊಲೆಯ ಯತ್ನವೆಂದೇ ದಾಖಲಿಸಿಕೊಳ್ಳುತ್ತದೆ. ಈ ಮಸುಕನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಇದು ಬಹಳ ಸಾಮಾನ್ಯ, ವಯಸ್ಸಾದವರಲ್ಲಂತೂ ಇನ್ನೂ ಹೆಚ್ಚು.

ಕೈ ಕಟ್ಟುವ ವಿಷಯದಲ್ಲಿ ಮರೆಮಾಚದೆ ಹೇಳುತ್ತೇನೆ. ಟ್ಯೂಬನ್ನು ರೋಗಿ ಕಿತ್ತುಹಾಕಿದರೆ ನಿಮಿಷಗಳಲ್ಲಿ ಜೀವ ಹೋಗಬಹುದು, ಅದಕ್ಕಾಗಿ ಕಟ್ಟುತ್ತೇವೆ. ಹತ್ತಿ ಸುತ್ತಿದ ಮೆತ್ತನೆಯ ಬಟ್ಟೆಯಿಂದ, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಆಗಾಗ ಬಿಚ್ಚಿ, ಬೆರಳುಗಳ ಬಣ್ಣ ಮತ್ತು ಬಿಸಿ ನೋಡಬೇಕು. ಅಗತ್ಯ ಮುಗಿದ ಗಂಟೆಗೇ ತೆಗೆಯಬೇಕು. ಆದರೆ ಕೆಲಸದ ಒತ್ತಡದಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾಲ ಕಟ್ಟಿದ ದಿನಗಳು ನನ್ನ ವೃತ್ತಿಯಲ್ಲೂ ಇವೆ. ಒಬ್ಬ ಹಿರಿಯರು ಗುಣವಾಗಿ ಹೊರಡುವ ದಿನ ನನ್ನ ಕೈ ಹಿಡಿದು, "ನೀರು ಬೇಕು ಅಂತ ಕೈ ಎತ್ತಲು ಹೋಗ್ತಿದ್ದೆ ಕಣಮ್ಮ, ನೀವು ಇನ್ನೂ ಬಿಗಿ ಮಾಡ್ತಿದ್ರಿ" ಎಂದರು. ಆಮೇಲೆ ನಾನು ಪ್ರತಿ ಹಾಸಿಗೆಗೂ ಒಂದು ಅಕ್ಷರಮಾಲೆಯ ಹಲಗೆ ಮತ್ತು ದಪ್ಪ ಪೆನ್ನು ಇಡಿಸಿದೆ. ಕನ್ನಡ ಓದಲು ಬಾರದವರಿಗೆ ನೀರಿನ ಲೋಟ, ನೋವಿನ ಮುಖ, ಹೊದಿಕೆ, ಮಗುವಿನ ಚಿತ್ರಗಳನ್ನು ಬರೆಸಿದೆ. ಕೈ ಬಿಚ್ಚಿದ ರೋಗಿಯ ಪಕ್ಕದಲ್ಲಿ ಯಾರಾದರೂ ಕೂರಬೇಕು, ಆ ‘ಯಾರಾದರೂ’ ಮನೆಯವರೇ ಆಗಬಹುದು. ಕೈ ತೊಳೆದು ಬಂದ ಮಗನೊಬ್ಬ ತಂದೆಯ ಪಕ್ಕ ಅರ್ಧ ಗಂಟೆ ಕುಳಿತರೆ ಸೋಂಕು ಹೆಚ್ಚುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹತ್ತು ನಿಮಿಷದ ನಿಯಮ ಬಹಳ ಕಡೆ ರೋಗಿಯ ಹಿತಕ್ಕಿಂತ ಆಸ್ಪತ್ರೆಯ ಅನುಕೂಲಕ್ಕಾಗಿ ಇದೆ.

ಈಗ ಮಾಡಬೇಕಾದದ್ದು ಇಷ್ಟು. ಆ 11 ದಿನಗಳ ಕಥೆಯನ್ನು ತಂದೆಯವರಿಗೆ ದಿನದಿನವಾಗಿ ಹೇಳಿ: ಯಾವತ್ತು ಸೇರಿಸಿದಿರಿ, ಯಾವತ್ತು ಟ್ಯೂಬ್ ಹಾಕಿದರು, ಯಾವತ್ತು ಕಣ್ಣು ಬಿಟ್ಟರು, ನೀವು ಬಂದು ಏನು ಹೇಳಿದಿರಿ. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನರ್ಸುಗಳೇ ಇಂಥ ದಿನಚರಿ ಬರೆದಿಟ್ಟು, ಗುಣವಾದ ಮೇಲೆ ರೋಗಿಯ ಕೈಗೆ ಕೊಡುವ ಪದ್ಧತಿ ಇದೆ. ಕಳೆದುಹೋದ ದಿನಗಳಿಗೆ ಒಂದು ಕ್ರಮ ಸಿಕ್ಕರೆ ದುಃಸ್ವಪ್ನ ಸಡಿಲವಾಗುತ್ತದೆ. ಐಸಿಯುವಿನಿಂದ ಬಂದವರಿಗೆ ತಿಂಗಳುಗಟ್ಟಲೆ ನಿಶ್ಶಕ್ತಿ, ಮರೆವು, ಭಯ ಉಳಿಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ, ಆದ್ದರಿಂದ ಇದನ್ನು ‘ತಲೆ ಕೆಟ್ಟಿದೆ’ ಎಂದು ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳಿ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ರಾತ್ರಿ ಪಾಳಿಯಲ್ಲಿ ವೆಂಟಿಲೇಟರ್ ಮೇಲಿರುವ ಮೂವರನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಸಂಬಳ ಹದಿನಾರು ಸಾವಿರ. ಕೇಳಿದರೆ ‘ಬಿಟ್ಟು ಹೋಗಿ’ ಎನ್ನುತ್ತಾರೆ. ಏನು ಮಾಡಲಿ?
ಓದುಗರು, ಬೆಂಗಳೂರು

ಉತ್ತರ: ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಪ್ರತಿ ಪಾಳಿಯಲ್ಲೂ ಒಬ್ಬ ನರ್ಸ್ ಇರಬೇಕೆಂಬುದು ನಮ್ಮ ವೃತ್ತಿಯಲ್ಲಿ ಒಪ್ಪಿತವಾದ ಅಳತೆ. ಮೂವರನ್ನು ಒಬ್ಬರಿಗೆ ಒಪ್ಪಿಸುವುದೆಂದರೆ, ಒಬ್ಬರ ಸಕ್ಷನ್ ಮಾಡುತ್ತಿರುವಾಗ ಇನ್ನಿಬ್ಬರ ಕಡೆ ನಿಮ್ಮ ಬೆನ್ನು ಇರುತ್ತದೆಂದು ತಿಳಿದೇ ಒಪ್ಪಿಸುವುದು. ಆಗುವ ಅನಾಹುತಕ್ಕೆ ಮಾತ್ರ ನಿಮ್ಮ ಸಹಿ ಇರುವ ಚಾರ್ಟನ್ನೇ ಮುಂದಿಡುತ್ತಾರೆ. ಆದ್ದರಿಂದ ಬಾಯಿಮಾತಿನಲ್ಲಿ ಹೇಳುವುದನ್ನು ನಿಲ್ಲಿಸಿ. ಇಷ್ಟು ರೋಗಿಗಳು, ಇಷ್ಟು ನರ್ಸುಗಳು, ಈ ದಿನ, ಈ ಪಾಳಿ ಎಂದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆದು ಮನೆಯಲ್ಲಿಡಿ. ಒಬ್ಬರೇ ಬರೆಯುವ ಬದಲು ಪಾಳಿಯ ಎಲ್ಲರೂ ಸೇರಿ ಸಹಿ ಮಾಡಿ.

ಸಂಬಳದ ಬಗ್ಗೆ: ಭಾರತೀಯ ತರಬೇತಾದ ದಾದಿಯರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಒಂದು ಸಮಿತಿ ನೇಮಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸುಗಳಿಗೆ ಸಮನಾದ ಸಂಬಳ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ ಅದು ಶಿಫಾರಸು ಮಾಡಿತು. ನಿಮ್ಮ ಹದಿನಾರು ಸಾವಿರ ಆ ಅತಿ ಸಣ್ಣ ಆಸ್ಪತ್ರೆಯ ಕನಿಷ್ಠಕ್ಕಿಂತಲೂ ಕೆಳಗಿದೆ. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದು, ಮತ್ತು ಈ ವಿಷಯದಲ್ಲಿ ನಮ್ಮ ಸರ್ಕಾರಗಳು ತೋರಿಸಿದ ಉದಾಸೀನಕ್ಕೆ ಕ್ಷಮೆ ಇಲ್ಲವೆಂದೇ ನನ್ನ ಅಭಿಪ್ರಾಯ. ಸಂಘದ ಸದಸ್ಯತ್ವ ಪಡೆಯಿರಿ. ಒಂದು ವರ್ಷದ ಅನುಭವ ಪತ್ರ ಕೈಗೆ ಬಂದ ಮೇಲೆ ಬೇರೆ ಕಡೆ ಅರ್ಜಿ ಹಾಕಲು ಹಿಂಜರಿಯಬೇಡಿ. ಆ ಮೂವರನ್ನು ಬಿಟ್ಟು ಹೋಗುವುದು ಹೇಗೆಂಬ ಸಂಕಟ ನಿಮ್ಮ ಪತ್ರದಲ್ಲಿ ಕಾಣುತ್ತದೆ, ಆದರೆ ಆ ಸಂಕಟವನ್ನು ಆಸ್ಪತ್ರೆ ತನ್ನ ಲಾಭಕ್ಕೆ ಬಳಸಿಕೊಳ್ಳುತ್ತಿದೆ.

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿರುವ ಹುಡುಗ ನಾನು. ಐಸಿಯುವಿನಲ್ಲೇ ಮುಂದುವರಿಯಲು ಯಾವ ಓದು ಬೇಕು?
ಓದುಗರು, ರಾಯಚೂರು

ಉತ್ತರ: ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆಯುಳ್ಳ, ಕ್ರಿಟಿಕಲ್ ಕೇರ್ ನರ್ಸಿಂಗ್‌ನ ಒಂದು ವರ್ಷದ ಡಿಪ್ಲೊಮಾ ಇದೆ. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿದರೆ, ಐಸಿಯು ಅನುಭವದೊಂದಿಗೆ, ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಪದವಿಗೂ ಹೋಗಬಹುದು. ಸೇರುವ ಮೊದಲು ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲಿ ನೋಡಿ. ಗಂಡಸರು ಈ ಕೆಲಸಕ್ಕೆ ಖಂಡಿತ ಬೇಕು. ಎಂಬತ್ತು ಕಿಲೊ ತೂಕದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದ ನನ್ನ ಬೆನ್ನು ಅದಕ್ಕೆ ಸಾಕ್ಷಿ.

ಪ್ರಶ್ನೆ: ನಮ್ಮ ಅಜ್ಜಿಗೆ ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ವೆಂಟಿಲೇಟರ್ ತೆಗೆಯುವ ಬಗ್ಗೆ ಯೋಚಿಸಿ ಎಂದು ವೈದ್ಯರು ಹೇಳಿದ್ದಾರೆ. ಕಾನೂನು ಒಪ್ಪುತ್ತದೆಯೇ? ಒಪ್ಪಿದರೆ ಆಮೇಲೆ ನರ್ಸುಗಳು ಅವಳನ್ನು ಹಾಗೇ ಬಿಟ್ಟುಬಿಡುತ್ತಾರೆಯೇ?
ಓದುಗರು, ಹೊನ್ನಾವರ

ಉತ್ತರ: ಈ ಪ್ರಶ್ನೆ ನಿಮ್ಮ ಊರಿನಿಂದಲೇ ಬಂದಿದೆ ಎಂಬುದು ನನ್ನ ಮನಸ್ಸನ್ನು ಕಲಕಿತು. ನಿಮ್ಮ ಹಳದೀಪುರದ ಮಗಳು ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, 1973ರಲ್ಲಿ, ಆಸ್ಪತ್ರೆಯ ನೌಕರನೊಬ್ಬನ ಬರ್ಬರ ದಾಳಿಗೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅಲ್ಲಿನ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ತಮ್ಮವರೆಂದು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ. ಅದು ಎಂಥ ಸೇವೆಯೆಂದು ಈ ಕೆಲಸ ಮಾಡಿದವರಿಗೆ ಗೊತ್ತು. ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2011ರಲ್ಲಿ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯುವ ಬಗ್ಗೆ ಮೊದಲ ಬಾರಿ ದಾರಿ ತೆರೆಯಿತು, ಆದರೆ ಅರುಣಾ ಅವರ ವಿಷಯದಲ್ಲಿ ನರ್ಸುಗಳ ಇಚ್ಛೆಯನ್ನು ಮನ್ನಿಸಿ ಅದಕ್ಕೆ ಅನುಮತಿ ಕೊಡಲಿಲ್ಲ. 2018ರ ತೀರ್ಪು ಗೌರವದಿಂದ ಸಾಯುವ ಹಕ್ಕನ್ನು ಒಪ್ಪಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಲಾಯಿತು, 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ನಮ್ಮ ರಾಜ್ಯದಲ್ಲಿ ಪಾಲಿಸುವ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಹೀಗೆ ನಡೆದರೆ ಅದು ಕೊಲೆಯಲ್ಲ, ನೀವು ಆ ಭಾರವನ್ನು ಹೊರಬೇಕಾಗಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ: ಬಿಟ್ಟುಬಿಡುವುದಿಲ್ಲ. ಆ ನಿರ್ಧಾರವಾದ ಮೇಲೆ ನರ್ಸಿನ ಕೆಲಸ ಹೆಚ್ಚುತ್ತದೆ. ಉಸಿರು ಕಟ್ಟಿದ ಸಂಕಟ ಆಗದಂತೆ ಮಾರ್ಫಿನ್ ಕೊಡುತ್ತೇವೆ. ಬೇಡದ ಅಲಾರಂಗಳನ್ನು ನಿಲ್ಲಿಸುತ್ತೇವೆ, ಮೈ ಒರೆಸುತ್ತೇವೆ, ತಲೆ ಬಾಚುತ್ತೇವೆ, ಮನೆಯವರನ್ನು ಒಳಗೆ ಕೂರಿಸುತ್ತೇವೆ. ಬಾಯಿಗೆ ತುಳಸಿ ನೀರು ಬಿಡಬೇಕೆಂದು ಬಹಳ ಮಂದಿ ಕೇಳುತ್ತಾರೆ. ಚಮಚದಿಂದ ಬಿಟ್ಟರೆ ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರುತ್ತದೆ. ಅದಕ್ಕೆ ನಾನು ಗಾಜ್ ಬಟ್ಟೆಯ ಚೂರನ್ನು ಆ ನೀರಿನಲ್ಲಿ ಅದ್ದಿ ಹಿಂಡಿ, ಮೊಮ್ಮಗಳ ಕೈಗೆ ಕೊಟ್ಟು, ತುಟಿಯ ಒಳಬದಿಗೆ ಒತ್ತಲು ಹೇಳುತ್ತಿದ್ದೆ. ನಿಮ್ಮ ಅಜ್ಜಿಯ ನರ್ಸನ್ನು ಕೇಳಿ, ಬೇಡವೆನ್ನಲಾರರು.

ಪ್ರಶ್ನೆ: ನನ್ನ ಮಗಳು ಐಸಿಯು ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದರೆ ಒಮ್ಮೊಮ್ಮೆ ಯಾರೊಂದಿಗೂ ಮಾತಾಡುವುದಿಲ್ಲ, ಊಟ ಮುಟ್ಟುವುದಿಲ್ಲ. ಕೆಲಸ ಬಿಡಿಸೋಣ ಎಂದು ಅವಳ ತಂದೆ ಹೇಳುತ್ತಾರೆ.
ಓದುಗರು, ಕಾರ್ಕಳ

ಉತ್ತರ: ಬಿಡಿಸುವ ಮಾತನ್ನು ಅವಳ ಬಾಯಿಂದ ಬರುವವರೆಗೆ ನೀವು ಆಡಬೇಡಿ, ಅಮ್ಮ. ಅವಳು ಹಾಗೆ ಬಂದ ದಿನ ಯಾವುದೋ ಒಂದು ಹಾಸಿಗೆ ಖಾಲಿಯಾಗಿರುತ್ತದೆ, ಮತ್ತು ಆ ದೇಹವನ್ನು ಕೊನೆಯ ಬಾರಿ ತೊಳೆದು, ನಳಿಕೆಗಳನ್ನು ತೆಗೆದು, ಬಟ್ಟೆ ಸುತ್ತಿ ಕಳುಹಿಸಿದ ಕೈ ಅವಳದೇ ಆಗಿರುತ್ತದೆ. ಬಾಗಿಲಲ್ಲಿ ಏನಾಯಿತೆಂದು ಕೇಳಬೇಡಿ. ಸ್ನಾನಕ್ಕೆ ಬಿಸಿನೀರು ಕಾಯಿಸಿಡಿ, ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ, ಹಗಲು ಹನ್ನೊಂದಕ್ಕೆ ಕುಕ್ಕರ್ ಕೂಗದಂತೆ ಅಡುಗೆಯನ್ನು ಬೇಗ ಮುಗಿಸಿ. ಗಂಜಿ ಮತ್ತು ಉಪ್ಪಿನಕಾಯಿ ಮುಚ್ಚಿಟ್ಟಿರಿ, ಸಂಜೆ ಎದ್ದ ಮೇಲೆ ಉಣ್ಣುತ್ತಾಳೆ. ಈ ಮೌನ ವಾರಗಟ್ಟಲೆ ಮುಂದುವರಿದರೆ, ಅಥವಾ ನಿದ್ದೆಯೇ ಬಾರದಿದ್ದರೆ, ಆಗ ಜೊತೆಯಲ್ಲಿ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಅದುವರೆಗೆ ಅವಳು ಊಟಕ್ಕೆ ಕುಳಿತಾಗ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಹೇಳಬೇಕೆನಿಸಿದ ದಿನ ಅವಳೇ ಹೇಳುತ್ತಾಳೆ.